ಮನೆಗೆ ಬರೆದದ್ದು, ತಲೆಗೆ ಬರೆದದ್ದು: ರೇಷನ್ ಕಾರ್ಡಿನ ಚರಿತ್ರೆ

ನ್ಯಾಯಬೆಲೆ ಅಂಗಡಿ, ನಾಡಕಚೇರಿ, ಗ್ರಾಮ ಒನ್ ಕೇಂದ್ರ, ಎಲ್ಲಿ ಹೋದರೂ ಹೆಣ್ಣುಮಕ್ಕಳಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ‘ಅಕ್ಕಾ, ಕಾರ್ಡಿನಲ್ಲಿ ಯಜಮಾನಿ ಯಾರು?’ ಗಂಡ, ಅತ್ತೆ, ಮಕ್ಕಳ ಜೊತೆ ಒಂದೇ ಸೂರಿನಡಿ ಇರುವವರಿಗೆ ಇದು ಕಷ್ಟದ ಪ್ರಶ್ನೆಯೇನಲ್ಲ. ಗಂಡ ತೀರಿಕೊಂಡ ಮೇಲೋ ಬಿಟ್ಟುಹೋದ ಮೇಲೋ ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದವಳು ಮಾತ್ರ ಇಲ್ಲಿ ನಿಂತುಬಿಡುತ್ತಾಳೆ. ಅವಳ ಹೆಸರಿರುವುದು ಅತ್ತೆ ಮನೆಯ ಕಾರ್ಡಿನಲ್ಲಿ. ಮಕ್ಕಳ ಹೆಸರೂ ಅಲ್ಲೇ.

ತಾಲ್ಲೂಕು ಕಚೇರಿಯ ಸುದ್ದಿ ಮಾಡುವ ನಮ್ಮಂಥ ಬಿಡಿ ಸುದ್ದಿಗಾರರಿಗೆ ಇಂಥ ತಾಯಂದಿರು ಆಗಾಗ ಸಿಗುತ್ತಲೇ ಇರುತ್ತಾರೆ. ಪತ್ರಿಕೆಗಳಲ್ಲಿ ಇದು ‘ಸರ್ವರ್ ಸಮಸ್ಯೆ, ಫಲಾನುಭವಿಗಳ ಪರದಾಟ’ ಎಂದು ನಾಲ್ಕು ಸಾಲು ಬರುತ್ತದೆ. ಸರ್ವರ್ ಸರಿಯಿದ್ದ ದಿನವೂ ಇವರ ಕೆಲಸ ಆಗುವುದಿಲ್ಲ ಎಂಬುದು ಆ ನಾಲ್ಕು ಸಾಲಿನಲ್ಲಿ ಹಿಡಿಸುವುದಿಲ್ಲ. ಕಾರಣ ಹಳೆಯದು. ಸರ್ಕಾರದ ನೆರವನ್ನು ತಲೆ ಲೆಕ್ಕದಲ್ಲಿ ಕೊಡಬೇಕೋ ಮನೆ ಲೆಕ್ಕದಲ್ಲಿ ಕೊಡಬೇಕೋ ಎಂಬುದು ಸುಮಾರು ನೂರೈವತ್ತು ವರ್ಷಗಳಿಂದ ಅತ್ತಿತ್ತ ಓಲಾಡುತ್ತ ಬಂದಿದೆ. ತಲೆಗೆ ಬರೆದ ನೆರವು ತಾಯಿಮಕ್ಕಳ ಜೊತೆ ಹೊರಟು ಬರಬಹುದು. ಮನೆಗೆ ಬರೆದದ್ದು ಮನೆಯಲ್ಲೇ ಉಳಿಯುತ್ತದೆ. ಯಾವುದು ಯಾವ ಲೆಕ್ಕದ್ದು ಎಂದು ತಿಳಿದರೆ, ಯಾವ ಬಾಗಿಲು ಬಡಿಯಬೇಕು ಎಂಬುದೂ ತಿಳಿಯುತ್ತದೆ.

ಬರಗಾಲದ ತಲೆ ಲೆಕ್ಕ

1876-78ರ ಬರವನ್ನು ಹಳೇ ಮೈಸೂರಿನ ಕಡೆ ಧಾತು ಈಶ್ವರ ಬರ ಎನ್ನುತ್ತಾರೆ. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ಹಬ್ಬಿದ ಬರ ಅದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬಳ್ಳಾರಿ ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ, ಅಂದರೆ ಅರ್ಧ ಕಿಲೋಗೂ ಕಡಿಮೆಗೆ, ಇಳಿಸಿದ್ದ.

ಆ ಸಾವುನೋವಿನ ಬಳಿಕ 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು. ಅದರ ಬೆನ್ನಿಗೆ ಕ್ಷಾಮ ಸಂಹಿತೆಗಳು ಬಂದವು. ಮೈ ಬಗ್ಗಿಸಿ ದುಡಿಯಬಲ್ಲವರಿಗೆ ಕೆರೆ, ರಸ್ತೆಯ ಕೆಲಸ. ದುಡಿಯಲಾಗದವರಿಗೆ ಮತ್ತು ಕೆಲಸಗಾರರ ಜೊತೆ ಬಂದ ಮಕ್ಕಳಿಗೆ ಪುಕ್ಕಟೆ ನೆರವು. ಕೊಟ್ಟದ್ದು ಬದುಕಿ ಉಳಿಯುವುದಕ್ಕೆ ಮಾತ್ರ, ಅದೂ ಎಷ್ಟೋ ಕಡೆ ಸಾಲಲಿಲ್ಲ. ಹಾಗಾಗಿ ಅದನ್ನು ಒಳ್ಳೆಯ ಕಾಲ ಎನ್ನುವಂತಿಲ್ಲ. ಆದರೆ ಲೆಕ್ಕ ಹಿಡಿದ ರೀತಿ ಗಮನಿಸಿ. ಎದುರಿಗೆ ನಿಂತ ತಲೆಗಳನ್ನು ಎಣಿಸುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಬಂದ ತಾಯಿಗೆ ತೋರಿಸಬೇಕಾದ ಕಾರ್ಡು ಎಂಬುದೇ ಇರಲಿಲ್ಲ.

ಕಾರ್ಡು ಬಂತು

ಕಾರ್ಡು ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1943ರಲ್ಲಿ ಬಂಗಾಳದಲ್ಲಿ ಕ್ಷಾಮ ಬಿತ್ತು. ಅದೇ ವರ್ಷ ಆಹಾರ ಧಾನ್ಯ ನೀತಿ ಸಮಿತಿ ದೊಡ್ಡ ನಗರಗಳಲ್ಲಿ ಪಡಿತರ ಜಾರಿಗೆ ಶಿಫಾರಸು ಮಾಡಿತು. ಸ್ವಾತಂತ್ರ್ಯದ ನಂತರ ರಫಿ ಅಹ್ಮದ್ ಕಿದ್ವಾಯಿ ಆಹಾರ ಸಚಿವರಾಗಿದ್ದಾಗ, 1954ರ ಹೊತ್ತಿಗೆ ಈ ನಿಯಂತ್ರಣಗಳು ಬಹುಪಾಲು ಸಡಿಲವಾದವು. ಆಮೇಲೆ ಮತ್ತೆ ಧಾನ್ಯದ ಕೊರತೆ. 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು. ಮುಂದೆ ಹಳ್ಳಿಗಳಲ್ಲೂ ನ್ಯಾಯಬೆಲೆ ಅಂಗಡಿಗಳು ತೆರೆದವು. ಹಳ್ಳಿಯವರ ಬಾಯಲ್ಲಿ ಅವೆಲ್ಲ ‘ಸೊಸೈಟಿ’ ಆದವು.

ಅಂದಿನ ಕಾರ್ಡು ಅಕ್ಕಿ, ಸಕ್ಕರೆ, ಸೀಮೆಎಣ್ಣೆ ತರುವ ಚೀಟಿ, ಅಷ್ಟೆ. ಬಡವರು ಯಾರು, ಅಲ್ಲದವರು ಯಾರು ಎಂದು ಹೇಳುವ ಕೆಲಸ ಅದಕ್ಕಿರಲಿಲ್ಲ. 1997ರ ಜೂನ್‌ನಲ್ಲಿ ಉದ್ದೇಶಿತ ಪಡಿತರ ಪದ್ಧತಿ ಬಂದಾಗ ಇದು ಬದಲಾಯಿತು. ಬಿಪಿಎಲ್, ಎಪಿಎಲ್ ಎಂಬ ಮಾತುಗಳು ಕನ್ನಡದ ಮನೆಮಾತಾದದ್ದು ಆಗಲೇ. ಬಿಪಿಎಲ್ ಮನೆಗೆ ತಿಂಗಳಿಗೆ 10 ಕಿಲೋ ಧಾನ್ಯ. 2000ದಲ್ಲಿ ಅದು 20 ಕಿಲೋ ಆಯಿತು, 2002ರಲ್ಲಿ 35 ಕಿಲೋ. ಮನೆಯಲ್ಲಿ ಇಬ್ಬರಿದ್ದರೂ ಅಷ್ಟೇ, ಎಂಟು ಜನರಿದ್ದರೂ ಅಷ್ಟೇ. ಲೆಕ್ಕ ಪೂರ್ತಿಯಾಗಿ ಮನೆಗೆ ಬಂತು. ಜೊತೆಗೆ ಕಾರ್ಡೇ ಬಡತನದ ಪುರಾವೆಯೂ ಆಯಿತು.

ಈ ಎರಡನೆಯದು ಮಕ್ಕಳಿಗೂ ತಟ್ಟಿತು. ಉದಾಹರಣೆಗೆ ಭಾಗ್ಯಲಕ್ಷ್ಮಿ ಯೋಜನೆ. 2006ರ ಮಾರ್ಚ್ 31ರ ನಂತರ ಬಿಪಿಎಲ್ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ಹಣ ಇಡುತ್ತಿತ್ತು. ನೋಂದಣಿ ಮಗು ಹುಟ್ಟಿದ ಒಂದು ವರ್ಷದೊಳಗೆ ಆಗಬೇಕಿತ್ತು, ಅದಕ್ಕೆ ಬಿಪಿಎಲ್ ಕಾರ್ಡು ಬೇಕಿತ್ತು. ಬಸುರಿಯಲ್ಲೇ ಮನೆ ಬಿಟ್ಟು ಬಂದ ತಾಯಿ ಕಾರ್ಡಿಗಾಗಿ ಒಂದು ವರ್ಷ ಅಲೆದರೆ, ಹದಿನೆಂಟು ವರ್ಷದ ನಂತರ ಮಗಳಿಗೆ ಸಿಗಬೇಕಾದ ದುಡ್ಡು ಅಲ್ಲಿಗೇ ಮುಗಿಯಿತು.

ಕೋರ್ಟು ಕಂಡ ಒಂಟಿ ಹೆಂಗಸು

2001ರಲ್ಲಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ರಾಜಸ್ಥಾನದಂಥ ಕಡೆ ಜನ ಹಸಿದಿದ್ದಾರೆ ಎಂದು ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು ಕೋರ್ಟು ಬಿಸಿಯೂಟ, ಅಂಗನವಾಡಿ, ಪಿಂಚಣಿ, ಅಂತ್ಯೋದಯದಂಥ ಯೋಜನೆಗಳನ್ನು ಹಕ್ಕು ಎಂದು ಪರಿಗಣಿಸಿ ಆದೇಶ ಕೊಟ್ಟಿತು. ಬಿಸಿಯೂಟ ಮಗುವಿನ ಲೆಕ್ಕದ ನೆರವು. ಶಾಲೆ ಬದಲಾದರೆ ಊಟವೂ ಜೊತೆಗೆ ಬರುತ್ತದೆ, ಅಪ್ಪನ ಮನೆಯ ಕಾರ್ಡು ಯಾರೂ ಕೇಳುವುದಿಲ್ಲ.

2003ರ ಮೇ 2ರ ಆದೇಶ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಂತ್ಯೋದಯ ಕಾರ್ಡು ಯಾರಿಗೆ ಕೊಡಬೇಕು ಎಂಬ ಪಟ್ಟಿಯಲ್ಲಿ ಕೋರ್ಟು ವಿಧವೆಯರ ಜೊತೆಗೆ, ನಿಯಮಿತ ಆಸರೆ ಇಲ್ಲದ ಇತರ ಒಂಟಿ ಮಹಿಳೆಯರನ್ನೂ ಸೇರಿಸಿತು. ನೋಡಬೇಕಾದ್ದು ಆಸರೆ ಇದೆಯೋ ಇಲ್ಲವೋ ಎಂಬುದನ್ನು. ಗಂಡ ಬದುಕಿದ್ದಾನೆ, ಆದರೆ ಮನೆಗೆ ದುಡ್ಡೂ ಇಲ್ಲ ಮುಖವೂ ಇಲ್ಲ ಎಂಬಂಥವಳೂ ಈ ಮಾತಿನಲ್ಲಿ ಸೇರುತ್ತಾಳೆ. ಇದರ ನೆನಪು ಕೌಂಟರಿನ ತನಕ ಇಳಿದು ಬಂದಿದ್ದರೆ ಅರ್ಧ ಗೋಳು ಕಡಿಮೆಯಾಗುತ್ತಿತ್ತು.

ಹಿರಿಯ ಹೆಣ್ಣೇ ಯಜಮಾನಿ

2013 ದೊಡ್ಡ ತಿರುವಿನ ವರ್ಷ. ಜುಲೈ 10ರಂದು ರಾಜ್ಯದಲ್ಲಿ ಅನ್ನಭಾಗ್ಯ ಶುರುವಾಯಿತು. ಕಿಲೋಗೆ ಒಂದು ರೂಪಾಯಿಯಂತೆ, ಒಬ್ಬರಿರುವ ಮನೆಗೆ 10 ಕಿಲೋ, ಇಬ್ಬರಿಗೆ 20, ಮೂವರು ಮತ್ತು ಹೆಚ್ಚಿದ್ದರೆ 30. ಅದೇ ವರ್ಷ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಅಂತ್ಯೋದಯಕ್ಕೆ ಮನೆಗೆ 35 ಕಿಲೋ ಹಾಗೇ ಉಳಿಯಿತು. ಉಳಿದ ಆದ್ಯತಾ ಕುಟುಂಬಗಳಿಗೆ ತಲೆಗೆ 5 ಕಿಲೋ. ತಲೆ ಲೆಕ್ಕ ಮರಳಿ ಬಂತು.

ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಕುಟುಂಬದಲ್ಲಿ 18 ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳೇ ಕಾರ್ಡಿನ ಮಟ್ಟಿಗೆ ಯಜಮಾನಿ. ಅಜ್ಜ, ಅಪ್ಪ, ಗಂಡ ಎಂದು ಬರೆದಿದ್ದ ಜಾಗದಲ್ಲಿ ಹೆಣ್ಣಿನ ಹೆಸರು ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಕೂಡುಕುಟುಂಬದಲ್ಲಿ ಹಿರಿಯ ಹೆಣ್ಣು ಎಂದರೆ ಅತ್ತೆ. ಮಕ್ಕಳ ತಾಯಿ ಅದೇ ಕಾರ್ಡಿನಲ್ಲಿ ಮೂರನೆಯದೋ ನಾಲ್ಕನೆಯದೋ ಹೆಸರು. ತವರಿಗೆ ಬಂದು ಅಲ್ಲಿಯ ಕಾರ್ಡಿಗೆ ಸೇರಿದರೂ ಅಲ್ಲಿ ಅವಳ ಅವ್ವನೇ ಯಜಮಾನಿ. ಅತ್ತೆಯದೋ ಅವ್ವನದೋ, ಯಾವ ಮನೆಯ ಕಾರ್ಡಿನಲ್ಲೂ ಅವಳಿಗೆ ಆ ಜಾಗ ಸಿಗದು.

ಧಾನ್ಯವಷ್ಟೇ ಇದ್ದಾಗ ಇದರ ಬಿಸಿ ಕಡಿಮೆ ಇತ್ತು. ನಗದು ಬಂದಾಗ ಗೊತ್ತಾಯಿತು. 2023ರ ಜುಲೈನಿಂದ ರಾಜ್ಯ ಸರ್ಕಾರ ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದೆ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಟ್ಟಿತು. ಲೆಕ್ಕ ತಲೆಯದ್ದು, ಜಮೆ ಮಾತ್ರ ಕಾರ್ಡಿನ ಯಜಮಾನಿಯ ಖಾತೆಗೆ. ತಾಯಿ ಮತ್ತು ಇಬ್ಬರು ಮಕ್ಕಳು ತವರಿನಲ್ಲಿ ಉಣ್ಣುತ್ತಿದ್ದರೂ ಅವರ 510 ರೂಪಾಯಿ ಅತ್ತೆಯ ಖಾತೆಗೆ ಹೋಗುತ್ತಿತ್ತು. 2025ರ ಫೆಬ್ರವರಿಯಿಂದ ದುಡ್ಡಿನ ಬದಲು ಮತ್ತೆ ಅಕ್ಕಿ ಬಂತು.

ಗೃಹಲಕ್ಷ್ಮಿ ಪೂರ್ತಿ ಮನೆ ಲೆಕ್ಕದ್ದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಒಂದು ಕಾರ್ಡಿಗೆ ಒಬ್ಬರೇ. ಯಜಮಾನಿಯಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಇಲ್ಲ. ಬಿಟ್ಟುಹೋದ ಗಂಡ ಎಲ್ಲೋ ಅಂಗಡಿ ಇಟ್ಟುಕೊಂಡು ಜಿಎಸ್‌ಟಿ ಸಲ್ಲಿಸುತ್ತಿದ್ದರೆ, ಅವನಿಂದ ಒಂದು ಪೈಸೆಯೂ ಬಾರದ ಹೆಂಡತಿಗೆ ಅದೇ ಅಡ್ಡಿ. ಈ 2,000 ರೂಪಾಯಿ ಲಕ್ಷಾಂತರ ಹೆಂಗಸರ ಕೈಗೆ ಮೊದಲ ಬಾರಿಗೆ ಸ್ವಂತದ ದುಡ್ಡು ತಂದಿದೆ, ನಮ್ಮ ಊರುಗಳಲ್ಲೇ ನೋಡುತ್ತಿದ್ದೇವೆ. ಮನೆ ಮುರಿದವಳ ಕೈಗೆ ಅದು ಸುಲಭಕ್ಕೆ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಬೇರೆ ಕಾರ್ಡು ಯಾಕೆ ಕಷ್ಟ

‘ಬೇರೆ ಕಾರ್ಡು ಮಾಡಿಸಿಕೊಳ್ಳಿ’ ಎಂದು ಹೇಳುವುದು ಸುಲಭ. ಆಧಾರ್ ಜೋಡಣೆಯಾದ ಮೇಲೆ ಒಂದು ಹೆಸರು ಎರಡು ಕಾರ್ಡಿನಲ್ಲಿ ಇರುವಂತಿಲ್ಲ. ಮೊದಲು ಹಳೆಯ ಕಾರ್ಡಿನಿಂದ ಹೆಸರು ತೆಗೆಸಬೇಕು. ಜಗಳವಾಗಿ ಬಂದ ಮನೆಯವರು ಅದಕ್ಕೆ ಸಹಕರಿಸುವುದು ಅಪರೂಪ. ಮೂರು ತಲೆ ಕಡಿಮೆಯಾದರೆ ಅವರ ಅಕ್ಕಿಯೂ ಕಡಿಮೆ. ಇನ್ನೊಂದು ಕಡೆ, ಆಹಾರ ಭದ್ರತಾ ಕಾಯ್ದೆಯಡಿ ಎಷ್ಟು ಜನರಿಗೆ ಧಾನ್ಯ ಎಂಬ ಮಿತಿ 2011ರ ಜನಗಣತಿಯ ಮೇಲೆ ನಿಂತಿದೆ. ಹಾಗಾಗಿ ಹೊಸ ಬಿಪಿಎಲ್ ಕಾರ್ಡಿನ ಅರ್ಜಿ ತೆರೆಯುವುದೇ ಆಗೊಮ್ಮೆ ಈಗೊಮ್ಮೆ. 2024ರ ನವೆಂಬರ್‌ನಲ್ಲಿ ಇದ್ದ ಕಾರ್ಡುಗಳೇ ರದ್ದಾಗಿ, ಗಲಾಟೆಯಾಗಿ, ಸರ್ಕಾರ ಅವನ್ನು ಮರಳಿ ಕೊಡಬೇಕಾಗಿ ಬಂದದ್ದು ನೆನಪಿರಬಹುದು.

ಈ ನಡುವೆ ಒಂದು ದಾರಿಯಿದೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲಿ ಸೇರಿತು. ಕಾರ್ಡಿನಲ್ಲಿ ಹೆಸರಿರುವವರು ಬೇರೆ ಊರಿನ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಆದರೆ ಇಡೀ ಕಾರ್ಡಿಗೆ ಸಿಗುವುದು ಒಂದೇ ಪಾಲು. ತಿಂಗಳ ಶುರುವಿನಲ್ಲೇ ಅತ್ತೆ ಮನೆಯವರು ಪೂರ್ತಿ ಎತ್ತಿದ್ದರೆ ತವರಿನ ಅಂಗಡಿಯಲ್ಲಿ ಉಳಿಯುವುದು ಸೊನ್ನೆ.

ಹೆಸರಿಗೆ ಬರುವ ನೆರವು

ಪಿಂಚಣಿಗಳು ಹೆಸರಿಗೆ ಬರುವಂಥವು. ಅದಕ್ಕೇ ಮನೆ ಬದಲಾದ ತಾಯಿಗೆ ಇವು ಹೆಚ್ಚು ಗಟ್ಟಿ. ರಾಜ್ಯದಲ್ಲಿ ನಿರ್ಗತಿಕ ವಿಧವಾ ವೇತನ 1984ರಿಂದ ಇದೆ, 2021ರಿಂದ ಅದು ತಿಂಗಳಿಗೆ 800 ರೂಪಾಯಿ. 1995ರ ಆಗಸ್ಟ್ 15ರಂದು ಕೇಂದ್ರ ತಂದ ಸಾಮಾಜಿಕ ನೆರವು ಕಾರ್ಯಕ್ರಮದಲ್ಲಿ ಕುಟುಂಬ ಸಹಾಯಧನವೂ ಸೇರಿತ್ತು. 18ರಿಂದ 59 ವರ್ಷದೊಳಗಿನ, ಮನೆಗೆ ಆಧಾರವಾಗಿ ದುಡಿಯುತ್ತಿದ್ದವರು ತೀರಿಕೊಂಡರೆ ಬಿಪಿಎಲ್ ಕುಟುಂಬಕ್ಕೆ ಒಮ್ಮೆ 20,000 ರೂಪಾಯಿ. ವಿಧವಾ ವೇತನ ಸಿಕ್ಕ ಎಷ್ಟೋ ತಾಯಂದಿರು ಇದನ್ನು ಕೇಳಿಯೇ ಇರುವುದಿಲ್ಲ.

ಬಿಟ್ಟುಹೋದವನ ಹೆಂಡತಿಗೆ ಈ ಬಾಗಿಲೂ ಕಿರಿದು. 2013ರಲ್ಲಿ ಬಂದ ಮನಸ್ವಿನಿ ಯೋಜನೆ ಅವಿವಾಹಿತೆಯರಿಗೆ ಮತ್ತು ವಿಚ್ಛೇದಿತೆಯರಿಗೆ, ಅದೂ 40ರಿಂದ 64 ವರ್ಷದವರಿಗೆ. ಮೂವತ್ತರ ಹರೆಯದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವವಳು, ಗಂಡ ಸತ್ತಿಲ್ಲ, ವಿಚ್ಛೇದನವೂ ಆಗಿಲ್ಲ ಎಂದರೆ ಎರಡಕ್ಕೂ ಸಲ್ಲಳು. ಗಂಡ ನಾಪತ್ತೆಯಾಗಿದ್ದರೆ, ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದು ಎಂಬ 1872ರ ಸಾಕ್ಷ್ಯ ಕಾಯ್ದೆಯ ನಿಯಮ ಹೊಸ ಕಾನೂನಿನಲ್ಲೂ ಉಳಿದಿದೆ. ಏಳು ವರ್ಷವೆಂದರೆ ಒಂದನೇ ಕ್ಲಾಸಿನ ಮಗು ಎಂಟಕ್ಕೆ ಬರುವಷ್ಟು ಕಾಲ.

ಮಾಡಬಹುದಾದ್ದು

ಸಾವಾದ ಮನೆಯಲ್ಲಿ ಕಾಗದದ ಮಾತು ಎತ್ತುವುದು ಕಷ್ಟ, ಆದರೂ ಹತ್ತಿರದವರು ಯಾರಾದರೂ ಎತ್ತಲೇಬೇಕು. 21 ದಿನದೊಳಗೆ ಮರಣ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ಶುಲ್ಕ, ಅಫಿಡವಿಟ್ಟು, ಅನುಮತಿ ಎಂದು ಬೆಳೆಯುತ್ತದೆ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ದರ್ಜೆಯವರ ಆದೇಶ ಬೇಕು. ವಿಧವಾ ವೇತನ, ಸಹಾಯಧನ, ಕಾರ್ಡಿನ ತಿದ್ದುಪಡಿ, ಮೂರಕ್ಕೂ ಬೇಕಾದ ಮೊದಲ ಕಾಗದ ಅದೇ. ಗಂಡ ಬಿಟ್ಟುಹೋದ ತಾಯಿಯಾದರೆ, ಮಕ್ಕಳು ಈಗ ಯಾರ ಜೊತೆ ಇದ್ದಾರೆಂದು ತೋರಿಸುವ ಶಾಲೆಯ, ಅಂಗನವಾಡಿಯ ದಾಖಲೆಗಳನ್ನು ಅರ್ಜಿಯ ಜೊತೆಗಿಡುವುದು ಒಳ್ಳೆಯದು. ಆ ದಾಖಲೆಗಳು ಅತ್ತೆ ಮನೆಯವರ ಒಪ್ಪಿಗೆಗೆ ಕಾಯುವುದಿಲ್ಲ.

ಕೌಂಟರಿನಲ್ಲಿ ‘ಆಗಲ್ಲ’ ಎಂದರೆ ಬಾಯಿಮಾತಿನ ಉತ್ತರ ಹಿಡಿದುಕೊಂಡು ವಾಪಸ್ ಬರಬೇಡಿ. ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಹಾರ ಭದ್ರತಾ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಗೆ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು. ಅವರ ಆದೇಶ ಒಪ್ಪಿಗೆಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಅಲ್ಲಿ ಬರೆಯುವಾಗ 2003ರ ಮೇ 2ರ ಆದೇಶವನ್ನೂ, ಅದರಲ್ಲಿರುವ ಆಸರೆಯಿಲ್ಲದ ಒಂಟಿ ಮಹಿಳೆ ಎಂಬ ಮಾತನ್ನೂ ನಮೂದಿಸಿ. ನಮ್ಮಂಥ ವರದಿಗಾರರು ಜಿಲ್ಲಾ ಕಚೇರಿಯಲ್ಲಿ ಕೇಳಬಹುದಾದ ಪ್ರಶ್ನೆಯೂ ಇಲ್ಲೇ ಇದೆ: ಅತ್ತೆ ಮನೆಯವರ ಸಹಕಾರವಿಲ್ಲದೆ, ಸ್ಥಳ ಪರಿಶೀಲನೆಯ ಮೇಲೆ, ತಾಯಿಮಕ್ಕಳ ಹೆಸರು ಬೇರ್ಪಡಿಸಿ ಕೊಟ್ಟ ಅರ್ಜಿಗಳು ಕಳೆದ ವರ್ಷ ಎಷ್ಟು? ಆ ಸಂಖ್ಯೆ ಬರಲಿ, ಸುದ್ದಿ ಅಲ್ಲಿಂದ ಶುರುವಾಗುತ್ತದೆ.