ಕಾನೂನಿಗಿಂತ 10 ವರ್ಷ ಮೊದಲೇ ಬಂದ ಪಿಂಚಣಿ

ಇವತ್ತಿನ ಸಂಚಿಕೆಗೆ ಒಂದೇ ಪ್ರಶ್ನೆ ಇಟ್ಕೊಂಡಿದ್ದೀನಿ. ಸರ್ಕಾರಿ ನೌಕರರ ಪಿಂಚಣಿ ಹೇಗಿರಬೇಕು ಅಂತ ತೀರ್ಮಾನ ಮಾಡೋದು ಯಾರು? ಸಂಸತ್ತಾ, ಸರ್ಕಾರವಾ? ಎರಡೂ ಒಂದೇ ಅಲ್ವಾ ಅಂತ ಕೆಲವರಿಗೆ ಅನಿಸಬಹುದು. ಅಲ್ಲ. ಆ ವ್ಯತ್ಯಾಸ ಏನು ಅಂತ ತಿಳ್ಕೋಬೇಕಾದ್ರೆ ಎನ್‌ಪಿಎಸ್ ಚರಿತ್ರೆ ನೋಡಿದ್ರೆ ಸಾಕು.

ಬಿ.ಕಾಂ ಓದಿದ ನನ್ನಂಥವರಿಗೆ ಪಿಂಚಣಿ ಅಂದ್ರೆ ಮೊದಲು ನೆನಪಾಗೋದು ಲೆಕ್ಕ. ಹಳೆ ಪಿಂಚಣಿಯ ಲೆಕ್ಕ ಸುಲಭ: ಪೂರ್ತಿ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು, ಅದರ ಮೇಲೆ ತುಟ್ಟಿಭತ್ಯೆ. ನೌಕರ ತಿಂಗಳು ತಿಂಗಳು ಏನೂ ಕಟ್ಟಬೇಕಿಲ್ಲ, ದುಡ್ಡು ಬರೋದು ಬೊಕ್ಕಸದಿಂದ. ಆದರೆ ಈ ಲೆಕ್ಕವನ್ನ ಬರೆದಿಟ್ಟಿದ್ದು ಎಲ್ಲಿ? ಕೇಂದ್ರ ನೌಕರರಿಗಾದರೆ, 2021ರ ತನಕ, 1972ರ ಪಿಂಚಣಿ ನಿಯಮಗಳಲ್ಲಿ. ಗಮನಿಸಿ, ಅದು ಸಂಸತ್ತು ಮಾಡಿದ ಕಾಯ್ದೆ ಅಲ್ಲ, ನಿಯಮ. ಸಂವಿಧಾನದ 309ನೇ ವಿಧಿ ಏನು ಹೇಳುತ್ತೆ ಅಂದ್ರೆ, ನೌಕರರ ಸೇವಾ ಷರತ್ತುಗಳನ್ನ ಶಾಸಕಾಂಗ ಕಾಯ್ದೆ ಮೂಲಕ ಮಾಡಬಹುದು. ಅದು ಮಾಡೋ ತನಕ ರಾಷ್ಟ್ರಪತಿ ಅಥವಾ ರಾಜ್ಯಪಾಲರ ಹೆಸರಲ್ಲಿ ಸರ್ಕಾರವೇ ನಿಯಮ ಮಾಡಿಕೊಳ್ಳಬಹುದು. ಪಿಂಚಣಿ ವಿಷಯದಲ್ಲಿ ಈ ‘ಮಾಡೋ ತನಕ’ ಅನ್ನೋ ಮಾತೇ ಕಾಯಂ ಆಗಿ ಉಳಿದುಬಿಟ್ಟಿತು.

ಆಮೇಲೆ ಪಿಂಚಣಿ ಖರ್ಚು ಏರುತ್ತಾ ಹೋಯ್ತು. ಸರ್ಕಾರಗಳು ಚಿಂತೆಗೆ ಬಿದ್ದವು, ಆ ಚಿಂತೆ ಸುಳ್ಳೇನೂ ಆಗಿರಲಿಲ್ಲ. ಹೊಸ ನೌಕರರಿಗೆ ಏನು ಮಾಡೋದು ಅಂತ ನೋಡೋಕೆ ಕೇಂದ್ರ ಒಂದು ಉನ್ನತ ಮಟ್ಟದ ತಜ್ಞರ ತಂಡ ಮಾಡಿತು. ಅದರ ಅಧ್ಯಕ್ಷರು ಯಾರು ಗೊತ್ತಾ? ಬಿ.ಕೆ. ಭಟ್ಟಾಚಾರ್ಯ, ನಮ್ಮ ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದವರು. 2002ರಲ್ಲಿ ವರದಿ ಕೊಟ್ಟ ಈ ತಂಡ ಒಂದು ಮಧ್ಯದ ದಾರಿ ಸೂಚಿಸಿತು: ನೌಕರನ ವಂತಿಗೆಯೂ ಇರಲಿ, ನಿಗದಿತ ಪಿಂಚಣಿಯ ಅಂಶವೂ ಇರಲಿ ಅಂತ.

ಸರ್ಕಾರ ಆ ದಾರಿ ಹಿಡಿಯಲಿಲ್ಲ. 2003ರ ಡಿಸೆಂಬರ್ 22ರಂದು ಹಣಕಾಸು ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. 2004ರ ಜನವರಿ 1ರಿಂದ ಕೇಂದ್ರದ ಕೆಲಸಕ್ಕೆ ಸೇರುವವರಿಗೆ, ಸೇನಾಪಡೆಗಳನ್ನ ಬಿಟ್ಟು, ಹೊಸ ವ್ಯವಸ್ಥೆ. ಮೂಲ ವೇತನ ಮತ್ತು ಡಿಎ ಸೇರಿಸಿ ಅದರ ಶೇ 10 ನೌಕರ ಕಟ್ಟಬೇಕು, 2019ರ ತನಕ ಸರ್ಕಾರವೂ ಅಷ್ಟೇ ಕಟ್ಟುತ್ತಿತ್ತು. ಆ ದುಡ್ಡು ಮಾರುಕಟ್ಟೆಗೆ ಹೋಗುತ್ತೆ. ಎಷ್ಟು ಬೆಳೆಯುತ್ತೋ ಅದರ ಮೇಲೆ ಪಿಂಚಣಿ. ಅಧಿಸೂಚನೆಗೂ ಜಾರಿಗೂ ನಡುವೆ ಇದ್ದದ್ದು ಬರೀ 10 ದಿನ.

ಒಂದು ತಲೆಮಾರಿನ ವೃದ್ಧಾಪ್ಯದ ಸ್ವರೂಪವೇ ಹೀಗೆ ಬದಲಾಯ್ತು, ಸಂಸತ್ತಿನಲ್ಲಿ ಒಂದು ಮತವೂ ಬೀಳದೆ.

ಕಾನೂನು ಬೇಕು ಅಂತ ಸರ್ಕಾರಕ್ಕೂ ಗೊತ್ತಿತ್ತು. 2004ರ ಡಿಸೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದರು, 2005ರ ಮಾರ್ಚ್‌ನಲ್ಲಿ ಪಿಎಫ್‌ಆರ್‌ಡಿಎ ಮಸೂದೆ ಮಂಡಿಸಿದರು. ಅದು ಹಣಕಾಸು ಸ್ಥಾಯಿ ಸಮಿತಿಗೆ ಹೋಯ್ತು, ಸಮಿತಿ ವರದಿಯನ್ನೂ ಕೊಟ್ಟಿತು. ಆದರೆ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿದ್ದ ಎಡಪಕ್ಷಗಳು ಒಪ್ಪಲಿಲ್ಲ. 14ನೇ ಲೋಕಸಭೆ ಮುಗಿದಾಗ ಮಸೂದೆಯೂ ಬಿದ್ದುಹೋಯ್ತು. 2011ರಲ್ಲಿ ಮತ್ತೆ ಮಂಡನೆ. ಕೊನೆಗೆ 2013ರ ಸೆಪ್ಟೆಂಬರ್‌ನಲ್ಲಿ ಎರಡೂ ಸದನ ಒಪ್ಪಿದವು. ಕಾಯ್ದೆ ಜಾರಿಗೆ ಬಂದದ್ದು 2014ರ ಫೆಬ್ರುವರಿ 1ಕ್ಕೆ.

ಅಂದ್ರೆ 10 ವರ್ಷ ನೌಕರರ ಸಂಬಳದಿಂದ ದುಡ್ಡು ಕಡಿತ ಆಗ್ತಾನೇ ಇತ್ತು, ಅದರ ಮೇಲೆ ಕಣ್ಣಿಡಬೇಕಾದ ಪ್ರಾಧಿಕಾರ ಮಾತ್ರ ‘ಮಧ್ಯಂತರ’ ಅನ್ನೋ ಹೆಸರಲ್ಲೇ ಇತ್ತು. ಈ ನಡುವೆ ರಾಜ್ಯಗಳು ಒಂದೊಂದಾಗಿ ಎನ್‌ಪಿಎಸ್ ಸೇರಿದವು, ಪಶ್ಚಿಮ ಬಂಗಾಳ ಸೇರಲಿಲ್ಲ. ಕರ್ನಾಟಕ 2006ರ ಏಪ್ರಿಲ್ 1ರಿಂದ ನೇಮಕವಾದವರಿಗೆಲ್ಲ ಅದನ್ನ ಅನ್ವಯ ಮಾಡಿತು.

ಹಾಗಾದ್ರೆ ತಡವಾಗಿ ಬಂದ ಸಂಸತ್ತು ಏನಾದರೂ ಮಾಡಿತಾ? ಮಾಡಿತು. 2011ರಲ್ಲಿ ಯಶವಂತ ಸಿನ್ಹಾ ಅಧ್ಯಕ್ಷತೆಯ ಸ್ಥಾಯಿ ಸಮಿತಿ ಚಂದಾದಾರರಿಗೆ ಕನಿಷ್ಠ ಪ್ರತಿಫಲದ ಖಾತರಿ ಇರಬೇಕು ಅಂತ ಹೇಳಿತು. ಅದರ ಫಲವಾಗಿ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ ಅಂಥ ಖಾತರಿ ಕೊಡುವ ಯೋಜನೆಗಳನ್ನ ಆಯ್ಕೆ ಮಾಡಿಕೊಳ್ಳುವ ಅವಕಾಶ ಸೇರಿತು. ಆದರೆ ಅದೇ ಸೆಕ್ಷನ್ ಇನ್ನೊಂದು ಕಡೆ, ಚಂದಾದಾರ ತಾನೇ ಕೊಂಡುಕೊಳ್ಳುವ ಖಾತರಿ ಬಿಟ್ಟರೆ ಬೇರೆ ಯಾವ ಭರವಸೆಯೂ ಇಲ್ಲ ಅಂತಾನೂ ಹೇಳುತ್ತೆ. ಸಮಿತಿ ಕೇಳಿದಷ್ಟು ಸಿಗಲಿಲ್ಲ. ಸಿಕ್ಕಿದ್ದಿಷ್ಟೂ ಮಾತ್ರ ಯಾರೋ ಕೂತು ಪ್ರಶ್ನೆ ಕೇಳಿದ್ದಕ್ಕೇ ಸಿಕ್ಕಿದ್ದು.

ಪ್ರಶ್ನೆ ಕೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೂ ದಾಖಲೆ ಇದೆ. 2020ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ ಕೇಂದ್ರ ನೌಕರರ ಎನ್‌ಪಿಎಸ್ ಹೇಗೆ ನಡೀತಿದೆ ಅಂತ ತಪಾಸಣೆ ಮಾಡಿತ್ತು. ವಂತಿಗೆ ಕಡಿತ ಮಾಡೋದು ತಡ, ಅದನ್ನ ಜಮಾ ಮಾಡೋದೂ ತಡ. ತಡವಾದ ಒಂದೊಂದು ದಿನವೂ ನೌಕರನ ಖಾತೆಗೆ ನಷ್ಟವೇ, ಯಾಕಂದ್ರೆ ಈ ವ್ಯವಸ್ಥೆಯಲ್ಲಿ ದುಡ್ಡು ಬೆಳೆಯೋದು ಹಾಕಿದ ಮೇಲೆ ತಾನೇ? ಎನ್‌ಪಿಎಸ್ ನೌಕರರಿಗಾಗಿಯೇ ಪ್ರತ್ಯೇಕ ಸೇವಾ ನಿಯಮಗಳು ಬಂದದ್ದು 2021ರಲ್ಲಿ, ಯೋಜನೆ ಶುರುವಾಗಿ 17 ವರ್ಷಕ್ಕೆ.

ಈಗ ಇದೇ ಕಥೆ ಹಿಂದುಮುಂದಾಗಿ ನಡೀತಿದೆ. 2022ರಲ್ಲಿ ರಾಜಸ್ಥಾನ ಸರ್ಕಾರ ಬಜೆಟ್ ಭಾಷಣದಲ್ಲಿ ಹಳೆ ಪಿಂಚಣಿ ವಾಪಸ್ ಅಂತ ಘೋಷಿಸಿತು. ಆದರೆ ಅದುವರೆಗೆ ಕಟ್ಟಿದ್ದ ದುಡ್ಡನ್ನ ಹಿಂದಕ್ಕೆ ಕೇಳಿದಾಗ, 2013ರ ಕಾಯ್ದೆಯಲ್ಲಿ ರಾಜ್ಯಕ್ಕೆ ಮರಳಿಸುವ ಅವಕಾಶ ಇಲ್ಲ ಅಂತ ಕೇಂದ್ರ ಹೇಳಿತು. ಆದೇಶದಲ್ಲಿ ಒಳಗೆ ಹೋದವರಿಗೆ ಆದೇಶದಲ್ಲಿ ಹೊರಗೆ ಬರೋಕೆ ಆಗಲಿಲ್ಲ. 2023ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದಾಗಲೂ ಹಳೆ ಪಿಂಚಣಿಯ ಬೇಡಿಕೆಗೆ ಸಿಕ್ಕ ಉತ್ತರ ಅಧಿಕಾರಿಗಳ ಸಮಿತಿ, ಶಾಸಕರ ಸಮಿತಿ ಅಲ್ಲ. 2025ರ ಏಪ್ರಿಲ್ 1ರಿಂದ ಜಾರಿಯಾದ ಕೇಂದ್ರದ ಏಕೀಕೃತ ಪಿಂಚಣಿ ಯೋಜನೆ, ಅಂದ್ರೆ ಯುಪಿಎಸ್ ಬಂದದ್ದೂ ಅಧಿಸೂಚನೆಯಿಂದಲೇ.

ಅದೇ ವರ್ಷ 1972ರ ಪಿಂಚಣಿ ನಿಯಮಗಳ ಬಗ್ಗೆ ಸಂಸತ್ತು ಕೊನೆಗೂ ಒಂದು ಕಾನೂನು ಮಾಡಿತು. ಆದರೆ ಅದು ಬಂದದ್ದು ಹಣಕಾಸು ಮಸೂದೆಯ ಒಳಗೆ, ತೆರಿಗೆ ವಿಷಯಗಳ ಜೊತೆ ಸೇರಿಕೊಂಡು. ಆ ನಿಯಮಗಳನ್ನ 1972ರ ಜೂನ್ 1ರಿಂದಲೇ ಸಿಂಧು ಅಂತ ಮಾಡಿ, ನಿವೃತ್ತಿ ದಿನಾಂಕದ ಆಧಾರದ ಮೇಲೆ ಪಿಂಚಣಿದಾರರ ನಡುವೆ ವ್ಯತ್ಯಾಸ ಮಾಡುವ ಅಧಿಕಾರ ಸರ್ಕಾರಕ್ಕಿದೆ ಅಂತ ಹೇಳಿತು. 1982ರ ನಕಾರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ಸರ್ಕಾರದ ಭಿಕ್ಷೆ ಅಲ್ಲ, ನಿವೃತ್ತಿ ದಿನಾಂಕ ನೋಡಿ ಪಿಂಚಣಿದಾರರನ್ನ ಭಾಗ ಮಾಡಬೇಡಿ ಅಂತ ಹೇಳಿತ್ತು. ಅಂಥ ವಿಷಯಕ್ಕೆ ಸಂಸತ್ತಿನಲ್ಲಿ ಪ್ರತ್ಯೇಕ ಮಸೂದೆ, ಪ್ರತ್ಯೇಕ ಚರ್ಚೆ ಬೇಕಿತ್ತು ಅಂತ ನನ್ನ ಅಭಿಪ್ರಾಯ.

ಹಳೆಯದು ಒಳ್ಳೇದಾ ಹೊಸದು ಒಳ್ಳೇದಾ ಅನ್ನೋ ಜಗಳಕ್ಕೆ ನಾನು ಬರಲ್ಲ. ಅದಕ್ಕೆ ಎರಡೂ ಕಡೆ ಲೆಕ್ಕ ಇದೆ. ನಾನು ಹೇಳೋದಿಷ್ಟೇ: 30 ವರ್ಷ ದುಡಿಯೋರ ಮುಪ್ಪಿನ ಲೆಕ್ಕವನ್ನ 10 ದಿನದ ಅಧಿಸೂಚನೆಗೆ ಬಿಡಬಾರದು. ನಾವು ಆರಿಸಿ ಕಳಿಸಿದವರು ಆ ಲೆಕ್ಕವನ್ನ ಜಾರಿಗೆ ಮೊದಲೇ ನೋಡಬೇಕು. ನಿಮ್ಮ ಶಾಸಕರೋ ಸಂಸದರೋ ಮುಂದಿನ ಸಲ ಸಿಕ್ಕಾಗ, ಹಳೆ ಪಿಂಚಣಿ ಕೊಡಿಸ್ತೀರಾ ಅಂತ ಕೇಳೋ ಜೊತೆಗೆ, ಇದನ್ನ ಸದನದಲ್ಲಿ ಯಾವತ್ತು ಚರ್ಚೆ ಮಾಡ್ತೀರಾ ಅಂತಾನೂ ಕೇಳಿ. ಮುಂದಿನ ವಾರ ಸಿಗೋಣ.