ಊರ ಕೊಳೆನೀರು ಹೇಳುವ ಸುದ್ದಿ

ಗುಜರಾತಿಗೆ ಬಂದು ನೆಲೆಸಿದ ಕನ್ನಡಿಗರಾದ ನಮಗೆ ಇಲ್ಲಿ ಮೊದಲು ಪರಿಚಿತವೆನಿಸಿದ ಮಾತುಗಳಲ್ಲಿ ‘ಗಟರ್’ ಒಂದು. ಧಾರವಾಡದ ಕಡೆಯವರು ಗಟಾರವೆನ್ನುವುದೇ ಇಲ್ಲಿ ಗಟರ್. ಅದನ್ನು ಕಂಡೊಡನೆ ಮೂಗು ಮುಚ್ಚಿಕೊಂಡು ದಾಟುವ ರೂಢಿಯೂ ಎರಡೂ ಕಡೆ ಒಂದೇ. ಆದರೆ ಊರಿಗೆ ಬರುವ ರೋಗದ ಸುದ್ದಿ ಆಸ್ಪತ್ರೆಗಿಂತ ಮೊದಲೇ ಗಟಾರಕ್ಕೆ ತಿಳಿದಿರಬಹುದೆಂಬುದನ್ನು ನಾವು ಈಗೀಗ ಅರಿತಿದ್ದೇವೆ.

ಅಹಮದಾಬಾದಿನ ಹಳೆಯ ಮನೆಗಳಲ್ಲಿ ಮಳೆನೀರಿಗೆ ನೆಲದೊಳಗೊಂದು ತೊಟ್ಟಿ, ಕೊಳೆನೀರಿಗೆ ಇಂಗುಗುಂಡಿ ಇರುತ್ತಿದ್ದವು. ಗುಂಡಿಯ ಕೊಳೆ ಇಂಗಿ ಬಾವಿಗಳ ನೀರು ಕೆಡುತ್ತಿತ್ತು. 1861ರಲ್ಲಿ ನಗರದ ಮೊದಲ ಹತ್ತಿ ಗಿರಣಿಯನ್ನು ಆರಂಭಿಸಿದ ರಣಛೋಡಲಾಲ್ ಛೋಟಾಲಾಲರು 1885ರಲ್ಲಿ ಪುರಸಭೆಯ ಅಧ್ಯಕ್ಷರಾದರು. ನಲ್ಲಿನೀರೂ ಒಳಚರಂಡಿಯೂ ಊರಿಗೆ ಬೇಕೇಬೇಕೆಂದು ಅವರು ಪಟ್ಟು ಹಿಡಿದಾಗ, ಖರ್ಚಿಗೆ ಹೆದರಿದ ಊರಿನವರೇ ಬಲವಾಗಿ ವಿರೋಧಿಸಿದರು. 1891ರಲ್ಲಿ ನಲ್ಲಿನೀರು ಬಂತು. ಒಳಚರಂಡಿ ಮಾತ್ರ ಬಹು ನಿಧಾನವಾಗಿ ಹಬ್ಬಿತು.

ಕೊಳೆಯನ್ನು ಕಡೆಗಣಿಸಿದರೆ ಏನಾದೀತೆಂಬುದಕ್ಕೆ ಸೂರತ್ತೇ ಸಾಕ್ಷಿ. 1994ರ ಮಳೆಗಾಲದಲ್ಲಿ ಊರಿಗೆ ನೆರೆ ಬಂದು ಇಳಿದ ಮೇಲೆ, ಸೆಪ್ಟೆಂಬರಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟರು. ಪ್ಲೇಗು ಚರಂಡಿನೀರಿನಿಂದ ಹರಡುವ ರೋಗವೇನೂ ಅಲ್ಲ. ಆದರೂ ಕಸಕೊಳೆಯ ನಡುವೆ ಊರು ಎಷ್ಟು ನಿಸ್ಸಹಾಯಕವಾಗಿತ್ತೆಂಬುದು ಆಗ ಬಯಲಾಯಿತು. 1995ರಲ್ಲಿ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಕಾಲದಲ್ಲಿ ಊರು ಚೊಕ್ಕಟವಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯಿತಷ್ಟೆ.

ಬೆಂಕಿ ಬೀಳುವ ಮೊದಲೇ ಹೊಗೆಯನ್ನು ಗುರುತಿಸುವ ಉಪಾಯವನ್ನು ಜಗತ್ತಿಗೆ ಕಲಿಸಿದ್ದು ಪೋಲಿಯೊ. ರೋಗಿಯ ಮಲದಲ್ಲಿ ಹೊರಬೀಳುವ ಆ ವೈರಸ್ಸನ್ನು ಕೊಳೆನೀರಿನಲ್ಲೇ ಪತ್ತೆಹಚ್ಚಬಹುದೆಂದು ಅಮೆರಿಕದ ಪಾಲ್ ಮತ್ತು ಟ್ರಾಸ್ಕ್ 1940ರ ಸುಮಾರಿಗೇ ತೋರಿಸಿದ್ದರು. ನಮ್ಮ ದೇಶದಲ್ಲಿ 2001ರಿಂದ ಮುಂಬಯಿಯ ಗಟಾರಗಳಲ್ಲಿ ಈ ಕಾವಲು ನಡೆಯಿತು.

ಕೋವಿಡ್ ಬಂದಾಗ ಅಹಮದಾಬಾದು ಅದೇ ದಾರಿ ಹಿಡಿಯಿತು. ಗಾಂಧಿನಗರದ ಐ.ಐ.ಟಿ. ಮತ್ತು ಗುಜರಾತ್ ಜೈವಿಕ ತಂತ್ರಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2020ರ ಮೇ 8 ಮತ್ತು 27ರಂದು ಹಳೆಯ ಪಿರಾಣಾ ಶುದ್ಧೀಕರಣ ಘಟಕದಿಂದ ನೀರು ತೆಗೆದರು. ದಿನಕ್ಕೆ 10.6 ಕೋಟಿ ಲೀಟರು ಶುದ್ಧೀಕರಿಸಬಲ್ಲ ಆ ಘಟಕಕ್ಕೆ ಸಿವಿಲ್ ಆಸ್ಪತ್ರೆಯ ಕೊಳೆನೀರೂ ಬರುತ್ತಿತ್ತು. ಒಳಗೆ ಬರುವ ನೀರಿನಲ್ಲಿ ವೈರಸ್ಸಿನ ಆನುವಂಶಿಕ ಕುರುಹು ಸಿಕ್ಕಿತು. ಎರಡನೆಯ ಸಲ ಅದು ಮೊದಲಿನ ಸುಮಾರು ಹತ್ತುಪಟ್ಟಾಗಿತ್ತು. ಶುದ್ಧಿಯಾಗಿ ಹೊರಬಿದ್ದ ನೀರಿನಲ್ಲಿ ಕಾಣಲಿಲ್ಲ. ಭಾರತದಲ್ಲಿ ಇಂಥ ಮೊದಲ ಪ್ರಮಾಣ ಇದೆಂದು ಆ ವಿಜ್ಞಾನಿಗಳು ಬರೆದರು. ಮುಂದೆ ವಡೋದರದ ಕೊಳೆನೀರೂ ಪರೀಕ್ಷೆಗೆ ಒಳಗಾಯಿತು. ನಮ್ಮ ಬೆಂಗಳೂರಿನಲ್ಲಿಯೂ ಇಂಥ ಕೆಲಸ ನಡೆಯಿತು.

ಮನಸ್ಸಿಗೆ ನಾಟುವ ಸುದ್ದಿ 2021ರಲ್ಲಿ ಬಂತು. ಸಾಬರಮತಿ ನದಿ, ಕಾಂಕರಿಯಾ ಮತ್ತು ಚಂಡೋಲಾ ಕೆರೆಗಳಲ್ಲೂ ಅದೇ ಕುರುಹು! ಕುರುಹು ಸಿಕ್ಕಿತೆಂದರೆ ಜೀವಂತ ವೈರಸ್ಸೇ ಇದೆಯೆಂದು ಅರ್ಥವಲ್ಲ, ನಿಜ. ಆದರೆ ಮನುಷ್ಯರ ಕೊಳೆ ಎಲ್ಲಿಗೆ ಹೋಗಿ ಸೇರುತ್ತಿದೆಯೆಂಬುದನ್ನು ಅದು ಹೇಳುತ್ತದೆ. ಈ ನೀರುಗಳಲ್ಲಿ ಪ್ರತಿಜೀವಕ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿರುವುದನ್ನೂ ಅಧ್ಯಯನಗಳು ಗುರುತಿಸಿವೆ. ನಾವು ನುಂಗಿದ ಔಷಧದ ಅಂಶ ಚರಂಡಿ ಸೇರುತ್ತದೆ. ಅಲ್ಲಿ ಅದನ್ನು ತಾಳಿ ಬದುಕಿದ ಬ್ಯಾಕ್ಟೀರಿಯಾ ತನ್ನ ತಾಳಿಕೆಯ ಗುಣವನ್ನು ನೆರೆಯವಕ್ಕೂ ದಾಟಿಸಬಲ್ಲದು. ವೈರಸ್ಸಿನ ಅಲೆ ಏರಿ ಇಳಿದುಹೋಗುತ್ತದೆ. ಇದು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

ಈ ಕಾವಲಿಗೂ ಒಂದು ಮಿತಿಯುಂಟು. ಕೊಳವೆಗೆ ಸೇರದ ಮನೆಯ ಸುದ್ದಿಯನ್ನು ಘಟಕದಲ್ಲಿ ತೆಗೆದ ನೀರು ಹೇಳಲಾರದು. ಗಟಾರವಿಲ್ಲದ ಕೇರಿಯ ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ. ಮೊದಲು ನರಳುವವರೂ ಹೆಚ್ಚಾಗಿ ಅವರೇ. ರಣಛೋಡಲಾಲರು ಹಿಡಿದ ಕೆಲಸ ಹೀಗೆ ಇನ್ನೂ ಮುಗಿದಿಲ್ಲ. ವೈದ್ಯರು ಹೇಳದೆ ಪ್ರತಿಜೀವಕ ನುಂಗದಿರುವುದು ನಮ್ಮ ಕೈಯಲ್ಲಿದೆ. ನೀರು ಹೇಳಿದ ಸುದ್ದಿಯನ್ನು ಊರಿಗೆ ತಿಳಿಸಿರೆಂದು ಪಾಲಿಕೆಯನ್ನು ಕೇಳುವ ಹಕ್ಕೂ ತೆರಿಗೆ ಕಟ್ಟುವ ನಮಗಿದೆ. ಮೂಗು ಮುಚ್ಚಿಕೊಂಡರೂ ಚಿಂತೆಯಿಲ್ಲ, ಕಿವಿ ಮುಚ್ಚಿಕೊಳ್ಳದಿರೋಣ.