ಕುದುರೆಯ ಬಾಲ ಮತ್ತು ಕಾರಿನ ವಾರಂಟಿ

ಮೊನ್ನೆ ಅಕ್ಕನ ಮಗ ಲಿಂಗಸುಗೂರಿನಿಂದ ಫೋನ್ ಮಾಡಿದ. "ಮಾವಾ, ಕಾರಿನ ವಾರಂಟಿ ಇನ್ನ ಹದಿನೆಂಟು ದಿನಕ್ಕ ಮುಗೀತೈತಿ. ಶೋರೂಮಿನವರು ದಿನಾ ಫೋನ್ ಹಚ್ಚಾಕತ್ತಾರ. ಇನ್ನೆರಡು ವರ್ಷ ಮುಂದಕ್ಕ ಹಾಕಿಸಬೇಕಂದ್ರ ಇಪ್ಪತ್ನಾಲ್ಕು ಸಾವಿರ ಅಂತ. ಕಟ್ಟಲೋ ಬ್ಯಾಡೋ?"

ಅವನ ಮನೆ ಲಿಂಗಸುಗೂರಿನಲ್ಲಿ, ಬೀಜ-ಗೊಬ್ಬರದ ಅಂಗಡಿ ಸಿಂಧನೂರಿನಲ್ಲಿ. ನಡುವೆ ನಮ್ಮ ಮಸ್ಕಿ. ದಿನಾ ಬೆಳಿಗ್ಗೆ ನಮ್ಮ ಓಣಿಯ ಬಾಯಿಗೆ ಬಂದಾಗ ಒಂದು ಹಾರ್ನ್ ಹೊಡೆದು ಹೋಗುತ್ತಾನೆ. ಈ ವರ್ಷ ಅಂಗಡಿಯಲ್ಲಿ ಉದ್ರಿಯೇ ಜಾಸ್ತಿ, ಹತ್ತಿ ಬೆಳೆದವರು ಇನ್ನೂ ಬಾಕಿ ಕೊಟ್ಟಿಲ್ಲ. ಇಪ್ಪತ್ನಾಲ್ಕು ಸಾವಿರ ಅವನಿಗೆ ಸಣ್ಣ ಮಾತಲ್ಲ. ಗೇರ್‌ಬಾಕ್ಸ್ ಕೈಕೊಟ್ಟರೆ ಬರುವ ಬಿಲ್ಲು ಅದಕ್ಕಿಂತ ದೊಡ್ಡದು. ಕಾರು ನಿಂತರೆ ಅಂಗಡಿಯೂ ನಿಂತಂಗೆ.

ಕಾರಿನ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ನನ್ನ ಓದು ಇತಿಹಾಸದ್ದು. ಆದರೂ ನನ್ನನ್ನೇ ಯಾಕೆ ಕೇಳಿದ ಅಂದರೆ, ನಮ್ಮ ಮನೆಯಲ್ಲಿ ಒಂದು ಎತ್ತಿನ ಕಥೆ ಇದೆ, ಅದನ್ನು ಅವನು ಅವ್ವನ ಬಾಯಲ್ಲಿ ಕೇಳುತ್ತಲೇ ಬೆಳೆದಿದ್ದಾನೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸಂತೆಯಿಂದ ಒಂದು ಎತ್ತು ತಂದಿದ್ದ. ಹಲ್ಲು ನೋಡಿದ್ದ, ಸುಳಿ ನೋಡಿದ್ದ, ನಡಿಗೆ ನೋಡಿದ್ದ. ದಲಾಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮುರಿದಿದ್ದ. ಸಂಚಕಾರ ಕೊಟ್ಟು, ಉಳಿದದ್ದು ಎಣಿಸಿ, ಹಗ್ಗ ಕೈಗೆ ತಗೊಂಡು ಬಂದದ್ದಾಯಿತು. ಒಂಬತ್ತನೇ ದಿನ ಆ ಎತ್ತು ಗಳೆಯ ನಡುವೆ ಮಲಗಿಬಿಟ್ಟಿತು. ಎಬ್ಬಿಸಿದರೆ ನಾಲ್ಕು ಹೆಜ್ಜೆ, ಮತ್ತೆ ಮಲಗೋದು. ಅಪ್ಪ ದಲಾಲಿಯನ್ನು ಹುಡುಕಿಕೊಂಡು ಹೋದ. "ಹಗ್ಗ ಹಿಡದ ಮ್ಯಾಲ ಮಾತಿಲ್ಲ ಗೌಡ" ಅಂದನಂತೆ ಅವನು. ಆ ಮುಂಗಾರು ನಮ್ಮ ಅರ್ಧ ಹೊಲ ಬಿತ್ತದೆ ಉಳಿಯಿತು. ಅಪ್ಪ ಸಾಯುವವರೆಗೂ ಆ ಒಂಬತ್ತು ದಿನದ ಲೆಕ್ಕ ಹೇಳುತ್ತಿದ್ದ.

ಮುಂದೆ ಕಾಲೇಜಿನಲ್ಲಿ ಮಿತಾಕ್ಷರಾ ಬಗ್ಗೆ ಓದುವಾಗ ನನಗೆ ಮೊದಲು ನೆನಪಾದದ್ದು ಆ ಎತ್ತು. ವಿಜ್ಞಾನೇಶ್ವರ ನಮ್ಮ ಕಡೆಯವನೇ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಯಾಜ್ಞವಲ್ಕ್ಯ ಸ್ಮೃತಿಗೆ ಟೀಕೆ ಬರೆದವನು. ಆಸ್ತಿ ಪಾಲಿನ ವಿಷಯಕ್ಕೆ ಅವನ ಹೆಸರು ಕೋರ್ಟಿನವರೆಗೂ ಹೋಗಿದೆ. ಆದರೆ ಅದೇ ಗ್ರಂಥದಲ್ಲಿ 'ಕ್ರೀತಾನುಶಯ' ಅಂತ ಒಂದು ಪ್ರಕರಣವಿದೆ, ಅದನ್ನು ಯಾರೂ ಎತ್ತುವುದಿಲ್ಲ. ಕ್ರೀತಾನುಶಯ ಅಂದರೆ ಕೊಂಡಮೇಲೆ ಪೇಚಾಡುವುದು. ಎಂಥಾ ಹೆಸರು ನೋಡಿ! ಕೊಂಡ ವಸ್ತುವನ್ನು ಪರೀಕ್ಷೆ ಮಾಡಲು ಎಷ್ಟು ದಿನ ಅನ್ನುವುದಕ್ಕೆ ಅಲ್ಲಿ ಯಾಜ್ಞವಲ್ಕ್ಯನ ಪಟ್ಟಿಯೇ ಇದೆ. ಕಬ್ಬಿಣಕ್ಕೆ 1 ದಿನ, ಹಾಲು ಹಿಂಡುವ ದನಕ್ಕೆ 3 ದಿನ, ಹೊರುವ-ಎಳೆಯುವ ದನಕ್ಕೆ 5 ದಿನ, ರತ್ನಕ್ಕೆ 7, ಬೀಜಕ್ಕೆ 10. ಅದೇ ಸಾಲಿನಲ್ಲಿ ಗಂಡಾಳಿಗೆ ಅರ್ಧ ತಿಂಗಳು, ಹೆಣ್ಣಾಳಿಗೆ ಒಂದು ತಿಂಗಳು ಅಂತಲೂ ಇದೆ. ಮನುಷ್ಯರನ್ನೂ ಎತ್ತಿನ ಹಾಗೆ ಕೊಂಡು ಪರೀಕ್ಷೆ ಮಾಡುತ್ತಿದ್ದ ಕಾಲ ಅದು. ಹಳೆಯ ನ್ಯಾಯವನ್ನು ಹೊಗಳಬೇಕು ಅನ್ನಿಸಿದಾಗಲೆಲ್ಲ ನಾನು ಆ ಭಾಗವನ್ನು ಇನ್ನೊಮ್ಮೆ ಓದಿಕೊಳ್ಳುತ್ತೇನೆ.

ಆದರೂ ಆ ದಿನಗಳ ಲೆಕ್ಕದಲ್ಲಿ ಒಂದು ತಿಳಿವಳಿಕೆ ಇದೆ. ಯಾವ ದೋಷ ಎಷ್ಟು ದಿನಕ್ಕೆ ಹೊರಬೀಳುತ್ತದೋ ಅಷ್ಟು ದಿನ. ಬೀಜ ಮೊಳೆಯೋಕೆ ಹತ್ತು ದಿನ ಬೇಕು. ಹಸು ಒದೆಯುತ್ತದೋ ಇಲ್ಲವೋ ಮೂರು ದಿನದಲ್ಲಿ ಗೊತ್ತಾಗುತ್ತದೆ. ಎತ್ತಿಗೆ ಐದು. ನಮ್ಮಪ್ಪನ ಎತ್ತು ಮಲಗಿದ್ದು ಒಂಬತ್ತನೇ ದಿನ. ಶಾಸ್ತ್ರದ ಲೆಕ್ಕದಲ್ಲೂ ಅಪ್ಪನ ಕೇಸು ನಿಲ್ಲುತ್ತಿರಲಿಲ್ಲ!

ನಾರದ ಸ್ಮೃತಿ ಇನ್ನೂ ಬಿಗಿ. ಕೊಂಡದ್ದು ಬೇಡ ಅನ್ನಿಸಿದರೆ ಅದೇ ದಿನ ಕೆಡದಂತೆ ಹಿಂದಿರುಗಿಸಬೇಕು. ಎರಡನೇ ದಿನವಾದರೆ ಬೆಲೆಯ ಮೂವತ್ತರಲ್ಲಿ ಒಂದು ಪಾಲು ಹೋಯಿತು, ಮೂರನೇ ದಿನ ಅದರ ಎರಡರಷ್ಟು. ಆಮೇಲೆ ಅದು ಕೊಂಡವನದೇ. ಮೊದಲೇ ಪರೀಕ್ಷೆ ಮಾಡಿ ಒಪ್ಪಿ ಕೊಂಡಿದ್ದರೆ ಹಿಂದಿರುಗಿಸುವ ಮಾತೇ ಇಲ್ಲ. ಅಳಿಯನಿಗೆ ಇದನ್ನೆಲ್ಲ ಹೇಳಿದಾಗ ಅವನು ನಕ್ಕ. "ಬೀಜಕ್ಕ ಹತ್ತು ದಿನಾ? ಮಾವಾ, ಇದನ್ನ ನಮ್ಮ ಅಂಗಡ್ಯಾಗ ಮಾತ್ರ ಹೇಳಬ್ಯಾಡ."

ಇದು ಶಾಸ್ತ್ರದ ಮಾತಾಯಿತು. ಸಂತೆಯಲ್ಲಿ ನಡೆದದ್ದು ತಿಳಿಯಬೇಕಾದರೆ ಕುದುರೆ ವ್ಯಾಪಾರ ನೋಡಬೇಕು. ಕೃಷ್ಣಾ-ತುಂಗಭದ್ರೆಯ ನಡುವಿನ ಈ ನಮ್ಮ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ಇನ್ನೂರು ವರ್ಷ ಬಡಿದಾಡಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ಎಷ್ಟು ಸಲ ಕೈ ಬದಲಾಯಿಸಿತೋ! ಆ ಯುದ್ಧಗಳು ನಡೆದದ್ದು ಕುದುರೆಯ ಮೇಲೆ, ಆ ಕುದುರೆ ಬರುತ್ತಿದ್ದದ್ದು ಹೋರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ. ದಾರಿಯಲ್ಲಿ ಸಾಯುತ್ತಿದ್ದವು. ಸತ್ತ ಕುದುರೆಯ ನಷ್ಟ ಯಾರದು?

ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನ್ಯೂನಿಜ್ 1530ರ ದಶಕದಲ್ಲಿ ವಿಜಯನಗರದಲ್ಲಿದ್ದ. ಅವನ ಬರಹವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ತಂದ. ಸಾಳುವ ನರಸಿಂಹನ ಬಗ್ಗೆ ನ್ಯೂನಿಜ್ ಹೇಳುವುದು ಇಷ್ಟು: ಸಾವಿರ ಪರ್ದಾವ್‌ಗೆ ಮೂರು ಕುದುರೆಯಂತೆ, ಬದುಕಿದ್ದರೂ ಸತ್ತಿದ್ದರೂ ರಾಜ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಗೆ ಅದರ ಬಾಲ ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಗೆ ಕೊಟ್ಟಷ್ಟೇ ದುಡ್ಡು.

ಮೊದಲ ಸಲ ಓದಿದಾಗ ನರಸಿಂಹ ಹುಂಬ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಕುದುರೆ ಇಲ್ಲದಿದ್ದರೆ ರಾಜ್ಯವೇ ಇಲ್ಲ. ವ್ಯಾಪಾರಿ ಬಾರದೆ ಹೋದರೆ ಕೆಡುವುದು ರಾಜನದು. ಅದಕ್ಕೇ ನಷ್ಟವನ್ನು ಅವನೇ ಹೊತ್ತ. ಯಾರಿಗೆ ವ್ಯಾಪಾರದ ಅಗತ್ಯ ಜಾಸ್ತಿಯೋ ವಾರಂಟಿ ಅವರ ತಲೆಗೆ.

ಕೃಷ್ಣದೇವರಾಯನ ಕಾಲಕ್ಕೆ ಇನ್ನೊಂದು ಪ್ರಸಂಗ. ಗೋವೆಯಲ್ಲಿ ಕುದುರೆ ಕೊಳ್ಳಲಿಕ್ಕೆ 40,000 ಪರ್ದಾವ್ ಕೊಟ್ಟು ಒಬ್ಬ ವ್ಯಾಪಾರಿಯನ್ನು ಕಳಿಸಿದ್ದ, ಅವನು ದುಡ್ಡಿನ ಸಮೇತ ಆದಿಲ್‌ಶಾಹಿ ಕಡೆ ಓಡಿಹೋದ. ಮನುಷ್ಯನನ್ನೂ ದುಡ್ಡನ್ನೂ ಕೊಡಿ ಅಂದರೆ ಕೊಡಲಿಲ್ಲ. 1520ರ ರಾಯಚೂರು ಯುದ್ಧಕ್ಕೆ ಇದೇ ನೆಪವಾಯಿತು ಅನ್ನುತ್ತಾನೆ ನ್ಯೂನಿಜ್. ನೆಪ ಮಾತ್ರ ಅನ್ನುವುದು ನಿಜ, ಕಣ್ಣಿದ್ದದ್ದು ರಾಯಚೂರಿನ ಮೇಲೆ. ಆದರೂ ಮುಂಗಡ ಮುಳುಗಿತು ಅಂತ ದಂಡು ಕಟ್ಟಿಕೊಂಡು ಹೋಗುವ ಗಿರಾಕಿ ಇತಿಹಾಸದಲ್ಲಿ ಅಪರೂಪ. ನಮಗೆ ಅಷ್ಟೆಲ್ಲ ಆಗುವುದಿಲ್ಲ, ಹೆಚ್ಚೆಂದರೆ ಜಿಲ್ಲಾ ಗ್ರಾಹಕ ಆಯೋಗ.

ಅಳಿಯನ ಪ್ರಶ್ನೆಗೆ ಇನ್ನೂ ಹತ್ತಿರವಾದ ಮಾತು ಮಾರ್ಕೊ ಪೋಲೋನದು. ಹದಿಮೂರನೇ ಶತಮಾನದ ಕೊನೆಗೆ ತಮಿಳು ಕರಾವಳಿಯ ಪಾಂಡ್ಯರಿಗೆ ಕುದುರೆ ಮಾರುತ್ತಿದ್ದ ಅರಬ್ಬಿ ವ್ಯಾಪಾರಿಗಳ ಬಗ್ಗೆ ಅವನು ಬರೆದಿದ್ದಾನೆ. ಅಲ್ಲಿ ಕುದುರೆ ವೈದ್ಯ ಬಲ್ಲವರು ಇರಲಿಲ್ಲವಂತೆ, ವ್ಯಾಪಾರಿಗಳು ಅಂಥವರನ್ನು ಅಲ್ಲಿಗೆ ಹೋಗಗೊಡುತ್ತಲೂ ಇರಲಿಲ್ಲವಂತೆ. ಕುದುರೆ ಬದುಕಿಬಿಟ್ಟರೆ ಮುಂದಿನ ವರ್ಷ ಕೊಳ್ಳುವವರು ಯಾರು? ಪೋಲೋ ಕೇಳಿದ್ದನ್ನು ಬರೆದನೋ ಕಂಡದ್ದನ್ನೋ, ವ್ಯಾಪಾರಿಯ ಮನಸ್ಸನ್ನಂತೂ ಸರಿಯಾಗಿ ಹಿಡಿದಿದ್ದಾನೆ. ಮಾರುವವನ ಕೈಯಲ್ಲೇ ವೈದ್ಯನೂ ಇದ್ದರೆ ಗಿರಾಕಿ ಎಲ್ಲಿಗೆ ಹೋಗಬೇಕು? ಇವತ್ತು ವಾರಂಟಿ ಉಳಿಯಬೇಕಾದರೆ ಪ್ರತಿ ಸರ್ವಿಸ್ಸೂ ಕಂಪನಿ ಹೇಳಿದ ಕಡೆಯೇ, ಹೇಳಿದ ಹೊತ್ತಿಗೇ ಆಗಬೇಕು. ಸಿಂಧನೂರಿನ ಮೇಸ್ತ್ರಿ ಎಷ್ಟೇ ಹುಷಾರಿದ್ದರೂ ಅವನ ಕೈ ಎಂಜಿನ್ನಿಗೆ ತಾಗಿತು ಅಂದರೆ ತಕರಾರು ಶುರು.

'ವಾರಂಟಿ', 'ಗ್ಯಾರಂಟಿ' ಎರಡೂ ಒಂದೇ ಶಬ್ದ, ಹಳೆಯ ಫ್ರೆಂಚಿನ ಎರಡು ಉಚ್ಚಾರಗಳು ಅಷ್ಟೆ. ಗ್ಯಾರಂಟಿ ಅಂದರೆ ಏನು ಅಂತ 2023ರ ಚುನಾವಣೆಯ ಮೇಲೆ ಕರ್ನಾಟಕದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ವಾರಂಟಿ ಮಾತ್ರ ಸ್ವಲ್ಪ ಜಾರುವ ಮಾತು. 1930ರ ಸರಕು ಮಾರಾಟ ಕಾಯ್ದೆ ಕರಾರಿನ ಮಾತುಗಳನ್ನು ಎರಡು ಥರ ಮಾಡುತ್ತದೆ. ಮುಖ್ಯ ಷರತ್ತು ಮುರಿದರೆ ಸರಕನ್ನೇ ಹಿಂದಿರುಗಿಸಬಹುದು, ವಾರಂಟಿ ಮುರಿದರೆ ನಷ್ಟ ಕೇಳಬಹುದೇ ಹೊರತು ಸರಕು ಹಿಂದಕ್ಕೆ ಹೋಗುವುದಿಲ್ಲ. ಯಾಜ್ಞವಲ್ಕ್ಯನ ಐದು ದಿನದಲ್ಲಿ ಎತ್ತನ್ನೇ ಹಿಂದಕ್ಕೆ ಅಟ್ಟಬಹುದಿತ್ತು. ನಮ್ಮ ವಾರಂಟಿಯಲ್ಲಿ ಕಾಲು ರಿಪೇರಿ ಮಾಡಿ ಅದೇ ಎತ್ತನ್ನು ಮತ್ತೆ ಕಟ್ಟುತ್ತಾರೆ.

ಅಂಬಾಸಡರ್, ಪದ್ಮಿನಿ ಕಾಲದಲ್ಲಿ ಗಿರಾಕಿಯೇ ವರ್ಷಗಟ್ಟಲೆ ಸಾಲು ನಿಲ್ಲುತ್ತಿದ್ದ. ಅಂಥವನಿಗೆ ಭರವಸೆ ಕೊಡುವ ದರ್ದು ಯಾರಿಗೆ? ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಕಂಪನಿಗಳು ಹೆಚ್ಚಾದ ಹಾಗೆ ವಾರಂಟಿಯೂ ಬೆಳೆಯಿತು. ಹ್ಯುಂಡೈ ತನ್ನ ಕಾರಿಗೆ ಅಮೆರಿಕದಲ್ಲಿ ಹೆಸರು ಕೆಟ್ಟಿದ್ದಾಗ, 1998ರಲ್ಲಿ, ಎಂಜಿನ್-ಗೇರ್‌ಬಾಕ್ಸಿಗೆ ಹತ್ತು ವರ್ಷ, ಲಕ್ಷ ಮೈಲಿ ಅಂತ ಸಾರಿತು. ಮಾರುತಿ 2024ರ ಜುಲೈನಲ್ಲಿ 2 ವರ್ಷ, 40,000 ಕಿಲೋಮೀಟರ್ ಇದ್ದದ್ದನ್ನು 3 ವರ್ಷ, 1 ಲಕ್ಷಕ್ಕೆ ಏರಿಸಿತು. ನರಸಿಂಹನ ಲೆಕ್ಕವೇ ಇದು, ತಿರುವುಮುರುವಾಗಿ. ಈಗ ದರ್ದು ಮಾರುವವನದು.

ಆದರೆ ಹೆಚ್ಚುವರಿ ವಾರಂಟಿ ಅನ್ನುವುದು ಈ ಸಾಲಿಗೆ ಸೇರುವುದಿಲ್ಲ. ಇಲ್ಲಿ ಮಾರುವವ ನಷ್ಟ ಹೊರುತ್ತಿಲ್ಲ, ನಷ್ಟ ಹೊರುವ ಕೂಲಿಯನ್ನು ಮುಂಗಡವಾಗಿ ಇಸಿದುಕೊಳ್ಳುತ್ತಿದ್ದಾನೆ. ಅದು ವಿಮೆಯ ಜಾತಿ. ನೂರು ಜನರ ದುಡ್ಡು ತೆಗೆದುಕೊಂಡು ಕೆಲವರ ಕಾರು ರಿಪೇರಿ ಮಾಡಿದರೆ ಉಳಿದದ್ದು ಲಾಭ. ಹಾಗಾಗಿ ಸಾಮಾನ್ಯ ಗಿರಾಕಿಗೆ ಇದು ನಷ್ಟದ ಬಾಬತ್ತೇ ಅಂತ ನನ್ನ ಎಣಿಕೆ. ಕೇಳಬೇಕಾದದ್ದು ಅಳಿಯ ಸಾಮಾನ್ಯ ಗಿರಾಕಿ ಹೌದೋ ಅಲ್ಲವೋ ಅನ್ನುವುದನ್ನು.

ಭಾನುವಾರ ಅವನನ್ನು ಕಾರಿನ ಕಾಗದಗಳ ಸಮೇತ ಮನೆಗೆ ಕರೆದೆ. ಮೊದಲು ಕೇಳಿದ್ದು, ವಾರಂಟಿ ಯಾರ ಹೆಸರಿನಲ್ಲಿದೆ ಅಂತ. ಇದು ನಮ್ಮ ಊರಿನ ಗುಣ. ದೇವಾನಾಂಪ್ರಿಯ ಅನ್ನುವ ಬಿರುದಿನ ಶಾಸನಗಳು ದೇಶದ ತುಂಬ ಸಿಕ್ಕಿದ್ದವು, ಅವನು ಅಶೋಕನೇ ಇರಬೇಕು ಅಂತ ಪಂಡಿತರು ಊಹಿಸಿದ್ದರು. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ನಮ್ಮ ಗುಡ್ಡದ ಬಂಡೆಯ ಬರಹ ಪತ್ತೆ ಮಾಡಿದ, ಅದರಲ್ಲಿ 'ಅಶೋಕ' ಅಂತ ಹೆಸರೇ ಇತ್ತು. ಬಿರುದು ಬೇರೆ, ಹೆಸರು ಬೇರೆ. ಅಳಿಯನ ಮೊಬೈಲಿಗೆ ಬಂದಿದ್ದ ಬಣ್ಣದ ಚಿತ್ರದಲ್ಲಿ ಬಿರುದುಗಳೇ ಜಾಸ್ತಿ ಇದ್ದವು. ಕರಾರಿನ ಪೂರ್ತಿ ಪ್ರತಿ ಕಳಿಸಿ ಅಂತ ಕೇಳಿಸಿದೆ. ಎರಡು ದಿನ ಬಿಟ್ಟು ಬಂತು. ಕೊನೆಯ ಪುಟದಲ್ಲಿ ಕಾರು ಮಾಡಿದ ಕಂಪನಿಯದೇ ಹೆಸರಿತ್ತು, ಅಷ್ಟು ಸಮಾಧಾನ. ಮಾರಾಟಗಾರನೋ ಮೂರನೆಯವನೋ ಕೊಟ್ಟ ಕಾಗದವಾಗಿದ್ದರೆ ಅಲ್ಲಿಗೇ ಬೇಡ ಅಂದುಬಿಡುತ್ತಿದ್ದೆ.

ಆಮೇಲೆ ಕಿಲೋಮೀಟರ್. ಲಿಂಗಸುಗೂರು-ಸಿಂಧನೂರು ಹೋಗಿಬರಲು ದಿನಕ್ಕೆ ನೂರು ಅಂತ ಹಿಡಿದರೂ ತಿಂಗಳಿಗೆ ಎರಡೂವರೆ ಸಾವಿರ, ವರ್ಷಕ್ಕೆ ಮೂವತ್ತು ಸಾವಿರ. ಮೂರು ವರ್ಷಕ್ಕೆ ತೊಂಬತ್ತು ಸಾವಿರ ಓಡಿದೆ. ಹೊಸ ಕರಾರು ಐದು ವರ್ಷ ಅಥವಾ 1,40,000 ಕಿಲೋಮೀಟರ್, ಯಾವುದು ಮೊದಲೋ ಅದು. ಉಳಿದ ಐವತ್ತು ಸಾವಿರವನ್ನು ಅವನು ಇಪ್ಪತ್ತು ತಿಂಗಳಿಗೇ ಮುಗಿಸುತ್ತಾನೆ. ಅಂದರೆ ತಿಂಗಳಿಗೆ 1,200 ರೂಪಾಯಿ. ಎರಡು ವರ್ಷದ ದುಡ್ಡು, ಸಿಗುವುದು ಇಪ್ಪತ್ತು ತಿಂಗಳು. "ಇದನ್ನ ಅವರು ಹೇಳಲೇ ಇಲ್ಲ ನೋಡ್ರಿ" ಅಂದ ಅಳಿಯ.

ಕರಾರಿನಲ್ಲಿ ಸೇರದೆ ಇರುವ ಬಾಬತ್ತುಗಳು: ಟೈರು, ಬ್ರೇಕ್ ಪ್ಯಾಡು, ಕ್ಲಚ್ಚು, ವೈಪರು, ಸವೆಯುವಂಥದ್ದೆಲ್ಲ. ಹೊರಗಡೆ ಹಾಕಿಸಿದ ಲೈಟಿನಿಂದ ವೈರಿಂಗ್ ಕೆಟ್ಟರೆ ಇಲ್ಲ. ಇಲಿ ಕಡಿದರೆ ಇಲ್ಲ. ಇದು ಬೇರೆ ಊರಿನವರಿಗೆ ನಗೆಯ ವಿಷಯ ಇರಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಮೇಲೆ ಸಿಂಧನೂರು ಭತ್ತದ ಊರಾಯಿತು, ರೈಸ್‌ಮಿಲ್ಲಿನ ಊರಾಯಿತು, ಇಲಿಯ ಊರೂ ಆಯಿತು. ಅವನ ಅಂಗಡಿಯ ಹಿಂದೆಯೇ ಮಿಲ್ಲು. ಹೋದ ವರ್ಷ ಬಾನೆಟ್ಟಿನ ಒಳಗೆ ಇಲಿ ಗೂಡು ಕಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಇಷ್ಟೆಲ್ಲ ಆದಮೇಲೂ ನಾನು ಕಟ್ಟು ಅಂದೆ. ಅವನ ಕಾರಿನ ಗೇರ್‌ಬಾಕ್ಸು ಆಟೊಮ್ಯಾಟಿಕ್, ನಮ್ಮ ಮೇಸ್ತ್ರಿಗಳು ಮುಟ್ಟುವಂಥದ್ದಲ್ಲ. ವರ್ಷಕ್ಕೆ ಮೂವತ್ತು ಸಾವಿರ ಓಡಿಸುವವನು ಸಾಮಾನ್ಯ ಗಿರಾಕಿಯಲ್ಲ. ಒಮ್ಮೆಲೇ ದೊಡ್ಡ ಬಿಲ್ಲು ಬಂದರೆ ಅವನು ಬಡ್ಡಿಗೆ ದುಡ್ಡು ತರಬೇಕಾಗುತ್ತದೆ, ಅದಕ್ಕಿಂತ ಈ ತಿಂಗಳ ಲೆಕ್ಕ ವಾಸಿ. ನನ್ನ ಕಾರು ವರ್ಷಕ್ಕೆ ಆರು ಸಾವಿರವೂ ಓಡುವುದಿಲ್ಲ, ಗೇರೂ ಕೈಯಲ್ಲೇ ಹಾಕುವಂಥದ್ದು. ನನಗೂ ಫೋನ್ ಬಂದಿತ್ತು, ಬೇಡ ಅಂದೆ.

ಕಟ್ಟುವ ಮುಂಚೆ ಒಂದು ಕೆಲಸ ಮಾಡು ಅಂತ ಹೇಳಿದೆ. ಹಳೆಯ ವಾರಂಟಿ ಇನ್ನೂ ಉಸಿರಾಡುತ್ತಿರುವಾಗಲೇ ಕಾರನ್ನು ಸರ್ವಿಸ್ಸಿಗೆ ಬಿಡು, ಯಾವ್ಯಾವ ಸದ್ದು ಬರುತ್ತದೋ ಒಂದೊಂದನ್ನೂ ಜಾಬ್‌ಕಾರ್ಡಿನಲ್ಲಿ ಬರೆಸು, ಬರೆಯದೆ ಸಹಿ ಹಾಕಬೇಡ. ಸ್ಟಿಯರಿಂಗ್ ತಿರುಗಿಸುವಾಗ ಆರು ತಿಂಗಳಿಂದ ಕಟಕಟ ಅನ್ನುತ್ತಿತ್ತಂತೆ, ಇವನು ಹಾಡು ಜೋರು ಮಾಡಿಕೊಂಡು ಓಡಿಸುತ್ತಿದ್ದ.

ನಾಲ್ಕನೇ ದಿನ ಸಂಜೆ ಹಾರ್ನ್ ಕೇಳಿತು, ಈ ಸಲ ಕಾರು ನಿಲ್ಲಿಸಿ ಒಳಗೇ ಬಂದ. ಸ್ಟಿಯರಿಂಗಿನ ಪಾರ್ಟೊಂದು ಪುಕ್ಕಟೆ ಬದಲಾಯಿಸಿಕೊಟ್ಟಿದ್ದಾರೆ. "ಹಳೇದನ್ನ ಕೊಡ್ರಿ, ಮಾವಗ ತೋರಸ್ತೀನಿ ಅಂದೆ, ಕೊಡಲಿಲ್ಲ. ವಾರಂಟಿ ಪಾರ್ಟು ಕಂಪನಿಗೆ ವಾಪಸ್ ಕಳಿಸಬೇಕಂತ. ಆ ಮುರಕ ತಗೊಂಡು ಏನ್ ಮಾಡ್ತಾರ ಮಾವಾ?"

"ಅದು ಬಾಲಪ್ಪಾ" ಅಂದೆ.